ಮುಂದಿನ ತಿಂಗಳಿಂದ ನಿಮ್ಮ ಲೈಬ್ರರಿಯ ಸರ್ಚ್ ಪುಟದಲ್ಲಿ ಆಗುವ ಬದಲಾವಣೆ

ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳ ಮಾನ್ಯ ಗ್ರಂಥಪಾಲಕರಿಗೆ,

ನಮಸ್ಕಾರ. ಪುಸ್ತಕ, ಥೀಸಿಸ್, ಇ-ಜರ್ನಲ್ ಎಲ್ಲವನ್ನೂ ಒಟ್ಟಿಗೆ ಹುಡುಕಲು ನಾವು ಒದಗಿಸಿರುವ ಪುಟ ಬರುವ ಒಂದನೇ ತಾರೀಖಿನಿಂದ ಬೇರೆ ಬಗೆಯಲ್ಲಿ ಹುಡುಕಲಿದೆ. ನೋಡಲು ಹಾಗೇ ಇರುತ್ತದೆ, ಸಿಗುವ ಲೇಖನಗಳು ಮಾತ್ರ ಬದಲಾಗುತ್ತವೆ.

ಇಷ್ಟು ದಿನ ಟೈಪ್ ಮಾಡಿದ ಪದವೇ ಶೀರ್ಷಿಕೆಯಲ್ಲೋ ಸಾರಾಂಶದಲ್ಲೋ ಇರಬೇಕಿತ್ತು. ಶಿವಮೊಗ್ಗ ಕಡೆಯ ಪಿಜಿ ವಿದ್ಯಾರ್ಥಿ 'ಮಂಕಿ ಫೀವರ್' ಎಂದು ಹುಡುಕಿದರೆ ನಾಲ್ಕಾರು ಲೇಖನ ಬಂದು ನಿಲ್ಲುತ್ತಿತ್ತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಈ ಕಾಯಿಲೆಯನ್ನು ಸಂಶೋಧಕರು ಬರೆಯುವುದು 'ಕ್ಯಾಸನೂರು ಫಾರೆಸ್ಟ್ ಡಿಸೀಸ್' ಎಂದೇ. ಅನೀಮಿಯಾಕ್ಕೆ ನಮ್ಮವರು ಬ್ರಿಟಿಷ್ ಸ್ಪೆಲಿಂಗ್ ಹಾಕುತ್ತಾರೆ, ಅಮೆರಿಕದ ಜರ್ನಲ್‌ಗಳಲ್ಲಿ ಒಂದು 'ಎ' ಕಡಿಮೆ. ಆ ಒಂದಕ್ಷರಕ್ಕೆ ರಾಶಿ ಲೇಖನಗಳು ಕೈತಪ್ಪುತ್ತಿದ್ದವು.

ಇನ್ನು ಮುಂದೆ ಪದದ ಜೊತೆಗೆ 'ಮೆಶ್' ವಿಷಯ ಶೀರ್ಷಿಕೆಯನ್ನೂ ಪುಟವೇ ಸೇರಿಸಿಕೊಳ್ಳುತ್ತದೆ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1960ರಿಂದ ನಡೆಸಿಕೊಂಡು ಬಂದಿರುವ, ಒಂದೊಂದು ವೈದ್ಯಕೀಯ ವಿಷಯಕ್ಕೂ ಒಂದು ಗೊತ್ತಾದ ಹೆಸರಿರುವ ಪಟ್ಟಿಯಿದು, ನಿಮಗೆ ಹೊಸತಲ್ಲ. 'ಹಾರ್ಟ್ ಅಟ್ಯಾಕ್' ಎಂದರೆ 'ಮಯೋಕಾರ್ಡಿಯಲ್ ಇನ್ಫಾರ್ಕ್ಷನ್' ಕೂಡ ಬರುತ್ತದೆ. ಕನ್ನಡದಲ್ಲಿ 'ಮಂಗನ ಕಾಯಿಲೆ' ಎಂದು ಟೈಪ್ ಮಾಡಿದರೂ ನಡೆಯುತ್ತದೆ. ಇಂಥ ಊರ ಹೆಸರುಗಳನ್ನು ನಾವೇ ಜೋಡಿಸಿದ್ದೇವೆ, ನಿಮಗೆ ಗೊತ್ತಿರುವುದನ್ನೂ ಕಳಿಸಿ.

ಬರೀ ಮೆಶ್ ಸಾಕಲ್ಲವೇ ಎಂದು ಕೆಲವರು ಕೇಳಿದ್ದರು. ಸಾಲದು. ಅದೇ ಲೈಬ್ರರಿಯ ಲೇಖನ ಸೂಚಿಯಾದ ಮೆಡ್‌ಲೈನ್‌ಗೆ ಸೇರದ ನಮ್ಮ ದೇಶದ ಎಷ್ಟೋ ಜರ್ನಲ್‌ಗಳ ಲೇಖನಗಳಿಗೆ ಆ ಶೀರ್ಷಿಕೆಯೇ ಇರುವುದಿಲ್ಲ. ಅದನ್ನೊಂದೇ ನಂಬಿದರೆ ಇಲ್ಲಿನ ರೋಗಿಗಳ ಬಗ್ಗೆ ಇಲ್ಲಿನವರು ಬರೆದದ್ದೇ ಮೊದಲು ಬಿಟ್ಟುಹೋಗುತ್ತದೆ.

ಫಲಿತಾಂಶ ಹೆಚ್ಚಾಗುತ್ತದೆ, ಸಂಬಂಧವಿಲ್ಲದವೂ ಒಂದಿಷ್ಟು ನುಸುಳುತ್ತವೆ. ಹಾಗಾಗಿ ಬಾಕ್ಸ್‌ನ ಕೆಳಗೆ 'ಹುಡುಕಿದ್ದು ಹೀಗೆ' ಎಂಬ ಸಾಲಿನಲ್ಲಿ ಯಾವ ಪದ, ಯಾವ ಶೀರ್ಷಿಕೆ, ಎಲ್ಲಿ ಆಂಡ್ (ಎರಡೂ ಇರಬೇಕು), ಎಲ್ಲಿ ಆರ್ (ಒಂದಿದ್ದರೂ ಸಾಕು) ಎಂಬುದು ಪೂರ್ತಿ ಕಾಣುತ್ತದೆ. ಬೇಡವಾದದ್ದನ್ನು ಅಲ್ಲೇ ಅಳಿಸಬಹುದು. ಪ್ರಶ್ನೆ ಕೇಳಿದರೆ ಎಐ ಉತ್ತರ ಬರೆದುಕೊಡುವ ಸೌಲಭ್ಯಕ್ಕೂ ಬೇಡಿಕೆ ಇತ್ತು, ಸದ್ಯಕ್ಕೆ ಕೊಡುತ್ತಿಲ್ಲ. ಒಂದೇ ಪ್ರಶ್ನೆಗೆ ಅದು ಪ್ರತಿ ಸಲ ಅದೇ ಉತ್ತರ ಕೊಡುವ ಖಾತ್ರಿಯಿಲ್ಲ. ನಿನ್ನೆ ಹುಡುಕಿದ್ದನ್ನು ಇವತ್ತು ಅದೇ ರೀತಿ ಮತ್ತೆ ಹುಡುಕಿ ತೋರಿಸಲಾಗದಿದ್ದರೆ ಗೈಡ್ ಮುಂದೆ ವಿದ್ಯಾರ್ಥಿ ಏನು ಹೇಳಬೇಕು?

ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ವಿಷಯದ ಎಲ್ಲ ಅಧ್ಯಯನಗಳನ್ನು ಕ್ರಮಬದ್ಧವಾಗಿ ಹುಡುಕಿ ಪರಿಶೀಲಿಸುವುದು) ಮಾಡುತ್ತಿರುವವರಿಗೆ ದಯವಿಟ್ಟು ಇಂದೇ ತಿಳಿಸಿ: ಹಳೆಯ ಸರ್ಚ್ ಮತ್ತೆ ಓಡಿಸಿದರೆ ಸಂಖ್ಯೆ ತಾಳೆಯಾಗುವುದಿಲ್ಲ. ತಿಂಗಳು ಮುಗಿಯುವುದರೊಳಗೆ ಸರ್ಚ್ ಹಿಸ್ಟರಿಯನ್ನು ತಾರೀಖಿನ ಸಮೇತ ಡೌನ್‌ಲೋಡ್ ಮಾಡಿಟ್ಟುಕೊಳ್ಳಲಿ. ವಾರ್ಷಿಕ ಶುಲ್ಕದಲ್ಲಿ ಬದಲಾವಣೆ ಇಲ್ಲ.

ಇಂತಿ,
ಗ್ರಂಥಾಲಯ ಸೇವಾ ವಿಭಾಗ