ಖಾನೇಸುಮಾರಿಯ ಸುಮಾರು ಲೆಕ್ಕ

ಗೆಳೆಯಾ,

"ನಿನ್ನ ಮುತ್ತಜ್ಜನ ಹೆಸರೇ ನಿನಗೆ ನೆಟ್ಟಗೆ ಗೊತ್ತಿಲ್ಲ, ಯಾರದ್ದೋ ಐರಿಷ್ ಮುತ್ತಜ್ಜನ ಬೆನ್ನು ಯಾಕೆ ಹತ್ತಿದ್ದೀಯಾ" ಅಂತ ಬರೆದಿದ್ದೆಯಲ್ಲ. ಮಾತು ನಿಜವೇ. ಆದರೆ ಮ್ಯಾಸಚೂಸೆಟ್ಸ್‌ನಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಪಕ್ಕದ ಮನೆ ಅಜ್ಜಿಗೆ ಎಂಬತ್ತನಾಲ್ಕು ವರ್ಷ. ಕಂಪ್ಯೂಟರ್ ಆಗಿಬರುವುದಿಲ್ಲ. ಸ್ವಲ್ಪ ಹುಡುಕಿಕೊಡ್ತೀಯಾ ಅಂದರು. ಹದಿನೈದು ದಿನದ ಕೆಲಸ ಅಂದುಕೊಂಡು ಹೂಂ ಅಂದೆ. ಈಗ ಐದನೇ ತಿಂಗಳು ನಡೆಯುತ್ತಿದೆ.

ಅವರ ಮುತ್ತಜ್ಜ ದೊಡ್ಡ ಬರಗಾಲದ ಕಾಲದಲ್ಲಿ ಐರ್ಲೆಂಡಿನ ಕೆರ್ರಿ ಜಿಲ್ಲೆ ಕಡೆಯಿಂದ ಬಂದವರು ಅನ್ನುವುದಷ್ಟೇ ಮನೆಯವರಿಗೆ ಗೊತ್ತು. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ, ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತು, ಅಷ್ಟೇ ಜನ ಊರು ಬಿಟ್ಟರಲ್ಲ, ಆ ಬರಗಾಲ. ಕುಲನಾಮ ಸುಲಿವನ್. ಕೆರ್ರಿಯಲ್ಲಿ ಸುಲಿವನ್‌ನನ್ನು ಹುಡುಕುವುದು ಅಂದರೆ ನಮ್ಮ ಕಡೆ ಪಾಟೀಲರ ಮನೆ ಎಲ್ಲಿ ಅಂತ ಕೇಳಿದ ಹಾಗೆ.

ಅಮೆರಿಕದ ಜನಗಣತಿಯ ಹಾಳೆಗಳು ಸಿಕ್ಕವು. 1860ರಲ್ಲಿ ಮುತ್ತಜ್ಜನಿಗೆ 28 ವರ್ಷ. 1870ರಲ್ಲಿ 35. 1880ರಲ್ಲಿ 43. 1900ರಲ್ಲಿ 60, ಹುಟ್ಟಿದ್ದು 1840ರ ಮೇ ಅಂತ ಬೇರೆ ಬರೆದಿದೆ. ನಲವತ್ತು ವರ್ಷದಲ್ಲಿ ಪುಣ್ಯಾತ್ಮನಿಗೆ ಮೂವತ್ತೆರಡೇ ವರ್ಷ ವಯಸ್ಸಾಗಿದೆ! ಮೊದಮೊದಲು ತಲೆ ಕೆಟ್ಟುಹೋಯಿತು. ಆಮೇಲೆ ಗಣತಿ ಹೇಗೆ ನಡೆಯುತ್ತಿತ್ತು ಅಂತ ಓದಿದೆ. ಗುಮಾಸ್ತ ಬಾಗಿಲು ತಟ್ಟುತ್ತಾನೆ. ತೆರೆದವರು ಹೇಳಿದ್ದೇ ಲೆಕ್ಕ. ಅದು ಹೆಂಡತಿ ಇರಬಹುದು, ಬಾಡಿಗೆಗಿದ್ದವನು ಇರಬಹುದು, ಮನೆಯವರು ಇಲ್ಲದಿದ್ದರೆ ಪಕ್ಕದ ಮನೆಯವಳೂ ಇರಬಹುದು. ಯಾರು ಹೇಳಿದರು ಅಂತ ಗುರುತು ಹಾಕುವ ಪದ್ಧತಿ ಬಂದದ್ದೇ 1940ರಲ್ಲಿ. ಈ ಮುತ್ತಜ್ಜನ ಸಾಲಿನಲ್ಲಿ ಓದುಬರಹ ಬಾರದು ಅನ್ನುವ ಕಾಲಮ್ಮಿನಲ್ಲಿ ಒಂದು ಸಣ್ಣ ಗೀಟು ಇದೆ. ಅಂದರೆ ತನ್ನ ಹೆಸರನ್ನು ಗುಮಾಸ್ತ 'ಸಲವನ್' ಅಂತ ಬರೆದುಕೊಂಡರೂ ತಿದ್ದುವುದಕ್ಕೆ ಅವನಿಗೆ ಬರುತ್ತಿರಲಿಲ್ಲ.

ನಮ್ಮಜ್ಜ ಜನಗಣತಿಗೆ ಖಾನೇಸುಮಾರಿ ಅನ್ನುತ್ತಿದ್ದರು, ನೆನಪಿದೆಯಾ? ಸರಿಯಾಗಿಯೇ ಹೆಸರಿಟ್ಟಿದ್ದಾರೆ ಅನ್ನಿಸಿತು. ಎಲ್ಲಾ ಸುಮಾರೇ. ಇನ್ನೊಂದು ತಮಾಷೆ ಕೇಳು. ಈ ನಾಲ್ಕೂ ಗಣತಿಗಳಲ್ಲಿ ಗುಮಾಸ್ತ ಯಾವತ್ತು ಬಂದರೂ ಜೂನ್ 1ಕ್ಕೆ ಎಷ್ಟು ವಯಸ್ಸು ಅಂತಲೇ ಬರೆಯಬೇಕಿತ್ತು. ನಮ್ಮೂರ ಹೆಡ್‌ಮಾಸ್ತರು ಅರ್ಧ ಊರಿಗೆ ಜೂನ್ 1 ಹುಟ್ಟಿದ ದಿನ ಮಾಡಿಟ್ಟದ್ದು ನೆನಪಾಗಿ ಒಬ್ಬನೇ ನಕ್ಕೆ.

ಐರ್ಲೆಂಡಿನ ಗಣತಿ ನೋಡಬಹುದಿತ್ತಲ್ವಾ ಅಂತ ಕೇಳುತ್ತೀಯಾ. ಎಲ್ಲಿದೆ? 1821ರಿಂದ 1851ರವರೆಗಿನದ್ದು 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿಗೆ ಬೆಂಕಿ ಬಿದ್ದಾಗ ಬಹುಪಾಲು ಸುಟ್ಟುಹೋಯಿತು. ಆಮೇಲಿನ ನಾಲ್ಕನ್ನು ಸರ್ಕಾರವೇ ನಾಶ ಮಾಡಿಸಿತು. 1922ಕ್ಕೆ ಮುಂಚಿನದ್ದರಲ್ಲಿ ಪೂರ್ತಿಯಾಗಿ ಉಳಿದದ್ದು 1901 ಮತ್ತು 1911. ಅವೆರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟೋ ಮುದುಕರು ಹತ್ತು ವರ್ಷದಲ್ಲಿ ಹದಿನಾಲ್ಕು, ಹದಿನೈದು ವರ್ಷ ದೊಡ್ಡವರಾಗಿದ್ದಾರೆ. ಕಾರಣ ಪಿಂಚಣಿ. 1909ರಿಂದ ಎಪ್ಪತ್ತಾದವರಿಗೆ ಸರ್ಕಾರ ದುಡ್ಡು ಕೊಡಲು ಶುರು ಮಾಡಿತು. ಹುಟ್ಟಿದ ದಾಖಲೆ ಹೆಚ್ಚಿನವರ ಹತ್ತಿರ ಇಲ್ಲ. 1839ರ ಜನವರಿಯಲ್ಲಿ ಒಂದು ಭಾರೀ ಬಿರುಗಾಳಿ ಬೀಸಿತ್ತು. ಅದು ನೆನಪಿದೆಯಾ ಅಂತ ಅಧಿಕಾರಿಗಳು ಕೇಳುತ್ತಿದ್ದರಂತೆ, ನೆನಪಿದ್ದರೆ ಎಪ್ಪತ್ತಾಗಿದೆ ಅಂತ ಲೆಕ್ಕ. ಯಾರಿಗೆ ತಾನೇ ನೆನಪಿಲ್ಲ ಹೇಳು! ನಮ್ಮಲ್ಲಿ ಪ್ಲೇಗ್ ಬಂದ ವರ್ಷ ಹುಟ್ಟಿದೆ ಅನ್ನುತ್ತಿದ್ದರಲ್ಲ, ಹಾಗೇ. ಐರ್ಲೆಂಡಿನಲ್ಲಿ ವಯಸ್ಸು ಹೆಚ್ಚಿಸಿದರೆ ದುಡ್ಡು, ಇಲ್ಲಿ ಅಮೆರಿಕದಲ್ಲಿ ಕಡಿಮೆ ಹೇಳಿದರೆ ಗಿರಣಿಯಲ್ಲಿ ಕೆಲಸ.

ನಾನು ಮಾಡಿದ ಎಡವಟ್ಟನ್ನೂ ಹೇಳಿಬಿಡುತ್ತೇನೆ. 1870ರಲ್ಲಿ ಅದೇ ಊರಿನಲ್ಲಿ, ಎರಡು ಬೀದಿಯಾಚೆ, ಅದೇ ಹೆಸರಿನ ಇನ್ನೊಬ್ಬ ಸುಲಿವನ್ ಇದ್ದ. ವಯಸ್ಸು 38. ನನ್ನ ಲೆಕ್ಕಕ್ಕೆ ಸರಿಯಾಗಿ ಕೂತ. ಎರಡು ತಿಂಗಳು ಅವನ ವಂಶವೃಕ್ಷ ಬರೆದೆ. 1880ಕ್ಕೆ ಬಂದಾಗ ಮಕ್ಕಳ ಹೆಸರು ಒಂದೂ ತಾಳೆಯಾಗಲಿಲ್ಲ. ವಯಸ್ಸು ತಪ್ಪಿದ್ದವನೇ ನಮ್ಮವನು, ಸರಿ ಇದ್ದವನು ಬೇರೆಯವನು.

ನಾಚಿಕೆಯಾಯಿತು. ಆದರೆ ನನಗಿಂತ ದೊಡ್ಡವರೂ ಎಡವಿದ್ದಾರೆ. 1892ರ ಜನವರಿ 1ರಂದು ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಕೇಂದ್ರ ತೆರೆದಾಗ ಮೊದಲು ಒಳಗೆ ಬಂದವಳು ಐರ್ಲೆಂಡಿನ ಕಾರ್ಕ್‌ನ ಹುಡುಗಿ ಆನಿ ಮೂರ್. ಕೈಗೆ ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು. ಅವಳು ಟೆಕ್ಸಾಸ್‌ಗೆ ಹೋಗಿ ಬಾಳಿದಳು ಅಂತ ಎಷ್ಟೋ ವರ್ಷ ಎಲ್ಲರೂ ನಂಬಿದ್ದರು. ಟೆಕ್ಸಾಸ್‌ನ ಆನಿ ಹುಟ್ಟಿದ್ದು ಅಮೆರಿಕದ ಇಲಿನಾಯ್‌ನಲ್ಲೇ! ವಂಶಾವಳಿ ಸಂಶೋಧಕಿ ಮೇಗನ್ ಸ್ಮೋಲೆನ್ಯಾಕ್ ಹಳೇ ಕಾಗದಗಳನ್ನು ಕೆದಕಿದಾಗ, 2006ರಲ್ಲಿ, ನಿಜವಾದ ಆನಿ ನ್ಯೂಯಾರ್ಕ್ ಬಿಟ್ಟು ಹೋಗಿಯೇ ಇರಲಿಲ್ಲ ಅಂತ ತಿಳಿಯಿತು. 1924ರಲ್ಲಿ ತೀರಿಕೊಂಡು, ಅದೇ ನ್ಯೂಯಾರ್ಕಿನ ಕ್ವೀನ್ಸ್‌ನ ಸ್ಮಶಾನದಲ್ಲಿ ಹೆಸರಿನ ಕಲ್ಲೂ ಇಲ್ಲದೆ ಮಲಗಿದ್ದಳು.

ಸರಿ, ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಮುತ್ತಜ್ಜಿಯದ್ದು ಇನ್ನೂ ಗೋಜಲು. 1860ರಲ್ಲಿ ಹನೋರಾ, 1870ರಲ್ಲಿ ನೋರಾ, 1880ರಲ್ಲಿ ಆನಿ. ಮನೆಯ ಯಜಮಾನನಿಗೆ ಯಾರು ಏನಾಗಬೇಕು ಅಂತ ಬರೆಯುವ ಕಾಲಮ್ಮು ಬಂದದ್ದೇ 1880ರಲ್ಲಿ, ಅದಕ್ಕೆ ಮುಂಚಿನ ಹಾಳೆಗಳಲ್ಲಿ ಹೆಂಡತಿ ಯಾರು ಅಂತ ಬರೆದಿಲ್ಲ. ಹನೋರಾ ಸತ್ತು ಎರಡನೇ ಮದುವೆ ಆಗಿರಬೇಕು ಅಂತ ನಾನು ಹೆಚ್ಚುಕಡಿಮೆ ತೀರ್ಮಾನ ಮಾಡಿದ್ದೆ. ಆದರೆ 1900ರ ಹಾಳೆಯಲ್ಲಿ ಮದುವೆಯಾಗಿ ಎಷ್ಟು ವರ್ಷ ಅಂತ ಕೇಳಿದ್ದಾರೆ. ಆನಿಯ ಎದುರು 42. ಅಂದರೆ 1858. ಮ್ಯಾಸಚೂಸೆಟ್ಸ್‌ನಲ್ಲಿ 1841ರಿಂದಲೇ ಮದುವೆ ದಾಖಲೆ ಇದೆ. ಹೋಗಿ ನೋಡಿದರೆ 1858ರಲ್ಲಿ ಹನೋರಾ! ಒಬ್ಬಳೇ ಹೆಂಗಸು. ಮದುಮಗನ ವಯಸ್ಸು 26. ಮದುವೆ ಗಂಡು ಸುಳ್ಳು ಹೇಳುವುದಿಲ್ಲ ಅಂತೇನಿಲ್ಲ, ಆದರೆ 1860ರ 28ಕ್ಕೆ ತಾಳೆಯಾಗುತ್ತದೆ. ಇದನ್ನೇ ನಂಬಿದ್ದೇನೆ.

ಅದೇ 1900ರ ಸಾಲಿನಲ್ಲಿ ಇನ್ನೆರಡು ಅಂಕಿ ಇವೆ. ಹೆತ್ತ ಮಕ್ಕಳು 9, ಬದುಕಿರುವವರು 4. ನಾನು ಪಟ್ಟಿ ಮಾಡಿದ್ದು ಏಳೇ. ಉಳಿದಿಬ್ಬರು ಎರಡು ಗಣತಿಗಳ ನಡುವೆ ಹುಟ್ಟಿ, ನಡುವೆಯೇ ಹೋದವರು. ಸಾವಿನ ರಿಜಿಸ್ಟರ್‌ನಲ್ಲಿ ಇಬ್ಬರೂ ಸಿಕ್ಕರು. ಒಂದಕ್ಕೆ ಮೂರು ವರ್ಷ, ಇನ್ನೊಂದಕ್ಕೆ ಐದು ತಿಂಗಳು.

ಪ್ರಿಂಟ್ ಮಾಡಿ ಅಜ್ಜಿಗೆ ಕೊಟ್ಟೆ. ಚಹಾ ಆರುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ, "ಮಣ್ಣು ಮಾಡಿದ್ದು ಎಲ್ಲಿ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಈ ಶನಿವಾರ ಹಿಮ ಬೀಳದಿದ್ದರೆ ಇಬ್ಬರೂ ಸ್ಮಶಾನದ ಕಚೇರಿಗೆ ಹೋಗಬೇಕು ಅಂತಿದ್ದೇವೆ.

ನಿನ್ನ,
ಹಳೇ ಗೆಳೆಯ