ರಾತ್ರಿ ಹತ್ತರ ಮೇಲೆ ಯಾರಿಗೆ ಫೋನ್ ಮಾಡಬೇಕು?

ನಮ್ಮ ಕ್ಷೇತ್ರದ ಶಾಸಕರಿಗೆ ನಮಸ್ಕಾರ.

ನಮ್ಮ ಅಮ್ಮನಿಗೆ 68 ವರ್ಷ. ಎರಡು ವರ್ಷದಿಂದ ಗಾಬರಿ, ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನಿದ್ದೆ ಕೆಡಬಾರದು ಅಂತ ಡಾಕ್ಟರು ಪ್ರತಿ ಸಲ ಹೇಳುತ್ತಾರೆ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು ನನ್ನ ಕೈಲಿದೆ. ನಿದ್ದೆ ನನ್ನ ಕೈಲಿಲ್ಲ.

ಪಕ್ಕದ ಸೈಟಿನಲ್ಲಿ ಕಟ್ಟಡ ಏಳುತ್ತಿದೆ. ಮೊದಲು ಬೋರ್‌ವೆಲ್ ಲಾರಿ ಬಂತು, ರಾತ್ರಿಯಿಡೀ ಕೊರೆಯಿತು. ಆಮೇಲೆ ಮೋಲ್ಡ್ ಹಾಕಲು ಕಾಂಕ್ರೀಟ್ ಲಾರಿಗಳು, ಅವೂ ಹನ್ನೊಂದರ ಮೇಲೆಯೇ. ಈಗ ಗ್ರಾನೈಟ್ ಕತ್ತರಿಸುವ ಮಷಿನ್. ಅದು ನಿಂತರೂ ಅಮ್ಮ ಮಲಗುವುದಿಲ್ಲ. ಮತ್ತೆ ಯಾವಾಗ ಶುರುವಾಗುತ್ತೋ ಅಂತ ಮಂಚದ ಮೇಲೆ ಎದ್ದು ಕೂತಿರುತ್ತಾರೆ. ಸದ್ದಿಗಿಂತ ಜಾಸ್ತಿ ಸಂಕಟ ಆಗುವುದು ಅವರು ಹಾಗೆ ಕಾಯುವುದನ್ನು ನೋಡಿದಾಗ. ಕೂಲಿಯವರ ಮೇಲೆ ನನಗೆ ಸಿಟ್ಟಿಲ್ಲ. ಅಲ್ಲೇ ಶೀಟಿನ ಶೆಡ್ಡಿನಲ್ಲಿ, ಅದೇ ಸದ್ದಿನಲ್ಲಿ ಅವರ ಮಕ್ಕಳೂ ಮಲಗಬೇಕು.

ಸುಮ್ನೆ ಕಿರಿಕಿರಿ ಅಂತ ಇದನ್ನು ತಳ್ಳಿಹಾಕಬೇಡಿ ಸಾರ್. ಕಣ್ಣು ಮುಚ್ಚಿದ ಹಾಗೆ ಕಿವಿ ಮುಚ್ಚುವುದಿಲ್ಲ. ಎಚ್ಚರ ಆಗದಿದ್ದರೂ ಸದ್ದಿಗೆ ಎದೆಬಡಿತ ಏರುತ್ತದೆ, ಅಪಾಯ ಬಂದಾಗ ಮೈಯಲ್ಲಿ ಉಕ್ಕುವ ಹಾರ್ಮೋನುಗಳು ಆಗಲೂ ಉಕ್ಕುತ್ತವೆ. ಒಂದು ರಾತ್ರಿಯಾದರೆ ಸರಿಹೋಗುತ್ತದೆ. ತಿಂಗಳುಗಟ್ಟಲೆ ನಿದ್ದೆ ಕೆಟ್ಟರೆ ಆತಂಕ, ಖಿನ್ನತೆ ಹತ್ತಿರ ಬರುತ್ತವೆ, ಮೊದಲೇ ಇದ್ದವರಿಗೆ ಹೆಚ್ಚಾಗುತ್ತವೆ.

ಕಾನೂನು ಇಲ್ಲ ಅಂತಲೂ ಅಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಮನೆಗಳಿರುವ ಕಡೆ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ದಾಟಬಾರದು. ರಾತ್ರಿ ಹೊತ್ತು ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ಇಂಥ ಕಡೆ ಓಡಿಸಲೇಬಾರದು ಅಂತ 2010ರಲ್ಲಿ ಸೇರಿಸಿದ್ದಾರೆ. ನನ್ನ ಮೊಬೈಲಿನಲ್ಲಿ ಅಳೆದಾಗ 70 ದಾಟಿತ್ತು. ಅದು ಪಕ್ಕಾ ಅಳತೆ ಅಲ್ಲ, ಒಪ್ಪುತ್ತೇನೆ. ಆದರೆ ಪ್ರತಿ 10 ಡೆಸಿಬೆಲ್‌ಗೆ ಶಬ್ದದ ಶಕ್ತಿ 10 ಪಟ್ಟು ಏರುತ್ತದೆ. 45 ಎಲ್ಲಿ, 70 ಎಲ್ಲಿ?

ಮೂರು ಸಲ ದೂರು ಕೊಟ್ಟೆ. ಒಂದು ಕಚೇರಿ ಇನ್ನೊಂದರ ಕಡೆ ಕೈ ತೋರಿಸಿತು. ಆ ಇನ್ನೊಂದು ಬೆಳಿಗ್ಗೆ ಬನ್ನಿ ಎಂದಿತು. ಬೆಳಿಗ್ಗೆ ಸದ್ದು ಎಲ್ಲಿರುತ್ತದೆ?

ನಾನು ಕೇಳುವುದು ಹೊಸ ಕಾನೂನನ್ನಲ್ಲ. ನಮ್ಮ ವಾರ್ಡಿಗೆ ರಾತ್ರಿ ಹೊತ್ತು ಒಬ್ಬ ಅಧಿಕಾರಿಯನ್ನು ಗೊತ್ತುಮಾಡಿಸಿ. ಮಷಿನ್ ನಿಲ್ಲಿಸುವ ಅಧಿಕಾರ ಇರಲಿ, ಕೈಯಲ್ಲಿ ಶಬ್ದ ಅಳೆಯುವ ಮೀಟರ್ ಇರಲಿ. ಕಟ್ಟಡ ಕೆಲಸ ನಡೆಯುವ ಪ್ರತಿ ಸೈಟಿನ ಮುಂದೆ ಆ ಅಧಿಕಾರಿಯ ಫೋನ್ ನಂಬರ್ ಕನ್ನಡದಲ್ಲಿ, ದೊಡ್ಡದಾಗಿ ಬರೆಸಿ.

ನಮ್ಮ ಎದುರಿನ ಖಾಲಿ ಸೈಟಿನಲ್ಲೂ ಮೊನ್ನೆ ಪಾಯಕ್ಕೆ ಸುಣ್ಣದ ಗೆರೆ ಎಳೆದಿದ್ದಾರೆ. ಅಲ್ಲಿಗೆ ಬೋರ್‌ವೆಲ್ ಲಾರಿ ಬರುವ ಮುಂಚೆ ಇದಾಗಲಿ.

ಇಂತಿ,
ನಿಮ್ಮ ಕ್ಷೇತ್ರದ ಮತದಾರ