ಭಾನುವಾರದ ಮಾತುಕತೆ: ಕಡಲಾಳದ ಯಂತ್ರಗಳು

ಬಳಗದ ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10 ಗಂಟೆಗೆ ಮಡಿಕೇರಿಯಲ್ಲಿ, ಎಂದಿನ ಜಾಗದಲ್ಲೇ ಸೇರೋಣ. ಬೆಟ್ಟದವರಿಗೆ ಕಡಲಿನ ಗೊಡವೆ ಏಕೆ ಎಂದು ಕೆಲವರು ಕೇಳಿದ್ದೀರಿ. ತಲಕಾವೇರಿಯ ನೀರು ಕೊನೆಗೆ ಸೇರುವುದು ಬಂಗಾಳ ಕೊಲ್ಲಿಯನ್ನೇ ಅಲ್ಲವೇ?

ನೀರೊಳಗೆ ರೇಡಿಯೋ ಅಲೆ ಹೆಚ್ಚು ದೂರ ಸಾಗುವುದಿಲ್ಲ. ಶಬ್ದವಾದರೆ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಸಮುದ್ರತಳದ ನಕ್ಷೆಗೂ ಕೇಬಲ್ ಹಾಸುವವರಿಗೂ ಮೀನುಗಾರರಿಗೂ ಸೋನಾರ್, ಅಂದರೆ ಶಬ್ದದ ಪ್ರತಿಧ್ವನಿಯಿಂದ ನೀರೊಳಗಿನದನ್ನು ಪತ್ತೆಹಚ್ಚುವ ಸಾಧನ, ಬೇಕಾಗುವುದು ಅದಕ್ಕೇ. ಆರ್ಗೋ ಎಂಬ ತೇಲುಯಂತ್ರಗಳು ಸುಮಾರು 2000 ಮೀಟರ್ ಆಳದಿಂದ ಮೇಲೇರುತ್ತಾ ಉಷ್ಣತೆ, ಲವಣಾಂಶ ಅಳೆದು ಉಪಗ್ರಹದ ಮೂಲಕ ಕಳುಹಿಸುತ್ತವೆ. ಮುಂಗಾರಿನ ಮುನ್ಸೂಚನೆಗೆ ಈ ಲೆಕ್ಕ ನೆರವಾಗುತ್ತದೆ. ಕಾಫಿ ತೋಟದವರು ಇದನ್ನಾದರೂ ಕೇಳಲೇಬೇಕು. ಮೂವರನ್ನು 6000 ಮೀಟರ್ ಆಳಕ್ಕೆ ಒಯ್ಯಲೆಂದು ರೂಪಿಸಿದ ಭಾರತದ ಆಳಸಮುದ್ರ ವಾಹನ ಮತ್ಸ್ಯ 6000 ಬಗ್ಗೆಯೂ ಮಾತಿದೆ.

ಮಕ್ಕಳನ್ನು ಕರೆತನ್ನಿ. ಕೊಡೆ ಮರೆಯಬೇಡಿ, ಕಳೆದ ಬಾರಿ ನನ್ನದೇ ಕಾಣೆಯಾಯಿತು.